ಕೆಂಡ ಕೇಳಲು ಬಂದವನು

"ಗುರುಗಳೇ, ನಿಯಮವನ್ನು ಬಿಡಲೇ, ಗೆಳೆಯನನ್ನು ಬಿಡಲೇ?" ಎಂದು ಶಿಷ್ಯ ಕೇಳಿದ.

ಗುರುಗಳು ಯೆಹೂದ್ಯರ ರಬ್ಬಿ. ಪಶ್ಚಿಮದ ಪಟ್ಟಣಗಳಿಂದ ಹೊರದೂಡಿಸಿಕೊಂಡವರು ಬಂದು ನೆಲೆಸಿದ್ದ ಒಂದು ಊರಿನಲ್ಲಿ ಧರ್ಮಗ್ರಂಥ ಪಾಠ ಹೇಳುತ್ತಿದ್ದರು. ಶಿಷ್ಯನ ಹೆಸರು ಯೆಕುತಿಯೇಲ. ಅವನ ಪಕ್ಕದ ಮನೆಯವನು ಕ್ರೈಸ್ತ, ಬಡಗಿ. ಇಬ್ಬರೂ ಚಿಕ್ಕಂದಿನಿಂದ ಜೊತೆಗಾರರು. ಬಡಗಿ ತನ್ನ ಮಗಳ ಮದುವೆಯ ಊಟಕ್ಕೆ ಇವನನ್ನು ಕರೆದಿದ್ದ. ಯೆಹೂದ್ಯರ ನಿಯಮದಂತೆ ಇವನು ಅಲ್ಲಿ ಉಣ್ಣುವಂತಿರಲಿಲ್ಲ. ಹೋದ, ಹರಸಿದ, ಉಣ್ಣದೆ ಎದ್ದು ಬಂದ. ಅಂದಿನಿಂದ ಬಡಗಿ ಮಾತು ಬಿಟ್ಟಿದ್ದ.

"ನಾನು ಅವನಿಗೆ ಏನು ಕಡಿಮೆ ಮಾಡಿದ್ದೇನೆ?" ಎಂದ ಶಿಷ್ಯ. "ಅವನ ಹೆಂಡತಿ ಹಾಸಿಗೆ ಹಿಡಿದಾಗ ಔಷಧ ತಂದುಕೊಟ್ಟವನು ನಾನು. ಮಳೆಗೆ ಅವನ ಮಾಡು ಕುಸಿದಾಗ ಮನೆಯವರಿಗೆಲ್ಲ ಜಾಗ ಕೊಟ್ಟವನು ನಾನು. ಅವನಿಂದ ಒಂದು ಮೊಳೆಯನ್ನೂ ಕೇಳಿದವನಲ್ಲ. ಒಂದು ತುತ್ತಿಗಾಗಿ ಮುಖ ತಿರುಗಿಸಿಬಿಟ್ಟ."

ಗೆಳೆಯನನ್ನು ಕಳೆದುಕೊಳ್ಳುವುದು ಅವನಿಗೆ ಬೇಕಿರಲಿಲ್ಲ.

"ಕೂತುಕೋ" ಎಂದರು ರಬ್ಬಿ. "ನನಗೆ ಶಾಸ್ತ್ರ ಹೇಳುವುದಕ್ಕಿಂತ ಕತೆ ಹೇಳುವುದು ಸುಲಭ."

ರೈನ್ ನದಿಯ ದಡದ ಒಂದು ಪಟ್ಟಣದಲ್ಲಿ ಊರಿಗೆಲ್ಲ ಒಂದೇ ರೊಟ್ಟಿಯ ಒಲೆ ಇತ್ತು. ಮನೆಮನೆಯಲ್ಲಿ ಅಂಥ ಒಲೆ ಕಟ್ಟಿಕೊಳ್ಳಲು ಊರನ್ನಾಳುವ ಒಡೆಯನ ಅಪ್ಪಣೆ ಇರಲಿಲ್ಲ. ಕ್ರೈಸ್ತರೂ ಯೆಹೂದ್ಯರೂ ಹಿಟ್ಟು ನಾದಿಕೊಂಡು ಅಲ್ಲಿಗೇ ತರುತ್ತಿದ್ದರು. ಒಲೆಯ ಯಜಮಾನ ಕ್ರೈಸ್ತ. ಯೆಹೂದ್ಯರ ಬೀದಿಯ ಹಿಟ್ಟನ್ನು ತರುತ್ತಿದ್ದವಳು ಒಬ್ಬ ವಿಧವೆ. ಅವಳು ದಿನವೂ ಹಿಟ್ಟು ಇಳಿಸಿ, ಒಂದು ಕಡ್ಡಿಯನ್ನು ಒಲೆಗೆ ಎಸೆದು, ಆಮೇಲೆ ಪಕ್ಕಕ್ಕೆ ನಿಲ್ಲುತ್ತಿದ್ದಳು.

ಯಜಮಾನನ ಮನಸ್ಸಿಗೆ ಇದು ಚುಚ್ಚಿತು. ಒಂದು ದಿನ ಕೇಳಿಯೇಬಿಟ್ಟ. "ಅಮ್ಮ, ನನ್ನ ಬೆಂಕಿ ನಿಮಗೆ ಮೈಲಿಗೆಯೇ?"

"ಇಲ್ಲಪ್ಪ" ಎಂದಳು ಅವಳು. "ನೀನೊಬ್ಬನೇ ಸುಟ್ಟದ್ದನ್ನು ನಾವು ಉಣ್ಣುವಂತಿಲ್ಲ. ನೀನೂ ನಾನೂ ಸೇರಿ ಸುಟ್ಟದ್ದನ್ನು ಉಣ್ಣಬಹುದು. ಅದಕ್ಕೇ ಈ ಕಡ್ಡಿ."

ಯಜಮಾನ ನಕ್ಕ. "ಬೆಳಗಿನಿಂದ ಬೆವರು ಸುರಿಸುವವನು ನಾನು. ನೀವು ಒಂದು ಕಡ್ಡಿ ಎಸೆದು ಅರ್ಧ ಕೆಲಸ ನಿಮ್ಮದು ಮಾಡಿಕೊಂಡಿರಿ!" ಆದರೆ ಮಾರನೆಯ ದಿನದಿಂದ ಒಂದು ಒಣಗಿದ ಕಡ್ಡಿಯನ್ನು ಆರಿಸಿ ಅವಳಿಗೆಂದು ಒಲೆಯ ಪಕ್ಕದಲ್ಲಿ ಇಟ್ಟಿರುತ್ತಿದ್ದ. ಹೀಗೆ ಎಷ್ಟೋ ವರ್ಷ ಕಳೆಯಿತು.

ಒಂದು ಚಳಿಗಾಲ ಊರಿನಲ್ಲಿ ಜ್ವರ ಹಬ್ಬಿತು. ಜನ ಕಾರಣ ಹುಡುಕಿದರು. ಯೆಹೂದ್ಯರ ಮುದುಕಿ ಒಲೆಗೆ ಏನೋ ಎಸೆಯುತ್ತಾಳಲ್ಲ, ಅದೇ ಮಾಟ ಎಂದರು. ಬುದ್ಧಿವಂತರ ಊರು! ಅದೇ ಒಲೆಯ ರೊಟ್ಟಿ ಮುದುಕಿಯೂ ತಿನ್ನುತ್ತಾಳೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಅವಳನ್ನು ಹಿಡಿದು ಸುಡಬೇಕು ಎಂದವರೂ ಇದ್ದರು. ಕೊನೆಗೆ ಊರಿನ ಹಿರಿಯರು ಒಂದು ಕಟ್ಟಳೆ ಮಾಡಿದರು. ಯೆಹೂದ್ಯರು ರೊಟ್ಟಿ ಬೇಕಾದರೆ ಕೊಂಡುಕೊಳ್ಳಲಿ, ಒಲೆಯ ಹತ್ತಿರ ಮಾತ್ರ ಸುಳಿಯಬಾರದು. ಸುಳಿದರೆ ಪ್ರಾಣಕ್ಕೆ ಯಾರೂ ಹೊಣೆಯಲ್ಲ. ಭಾನುವಾರ ಪಾದ್ರಿಗಳು ಅದನ್ನು ಚರ್ಚಿನಲ್ಲಿ ಓದಿ ಹೇಳಿದರು. ಓದುವುದು ಅವರ ಕೆಲಸವಾಗಿತ್ತು.

ಯೆಹೂದ್ಯರ ಬೀದಿಯಲ್ಲಿ ರೊಟ್ಟಿ ನಿಂತಿತು. ಕಡ್ಡಿ ಬೀಳದ ರೊಟ್ಟಿಯನ್ನು ಅವರು ಮುಟ್ಟಲಿಲ್ಲ. ಗಂಜಿ ಕುಡಿದರು. ಮಕ್ಕಳು ಸೊರಗಿದವು.

ಒಂದು ಬೆಳಗ್ಗೆ ಯಜಮಾನ ವಿಧವೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಮಡಕೆಯ ಓಡು.

"ಅಮ್ಮ, ನನ್ನ ಒಲೆ ಆರಿಹೋಗಿದೆ. ಒಂದು ಕೆಂಡ ಕೊಡಿ."

ವಿಧವೆ ಅವನನ್ನೇ ನೋಡಿದಳು. ಇಡೀ ಊರು ಕೆಂಡ ತರುತ್ತಿದ್ದುದೇ ಅವನ ಒಲೆಯಿಂದ. ಅವನ ತಂದೆಯ ಕಾಲದಿಂದಲೂ ಅದು ಆರಿರಲಿಲ್ಲ. ಮಲಗುವ ಮುಂಚೆ ಕೆಂಡದ ಮೇಲೆ ಬೂದಿ ಮುಚ್ಚಿದರೆ ಬೆಳಗ್ಗೆ ಊದಿದಾಗ ಹೊತ್ತಿಕೊಳ್ಳುತ್ತದೆ. ಇದು ಯಾವ ಹೆಂಗಸಿಗೆ ತಿಳಿಯದು? ಅವನ ಅಂಗಿಯ ತೋಳು ಇನ್ನೂ ಒದ್ದೆಯಾಗಿತ್ತು. ನೀರು ಸುರಿದು ಆರಿಸಿ ಬಂದಿದ್ದ.

ಅವಳಿಗೆ ಅರ್ಥವಾಯಿತು. ಅವಳು ಕೊಟ್ಟ ಕೆಂಡದಿಂದ ಒಲೆ ಹೊತ್ತಿದರೆ, ಆ ಬೆಂಕಿಯಲ್ಲಿ ಅವಳ ಪಾಲಿದೆ. ನಿಯಮ ಅದನ್ನು ಒಪ್ಪುತ್ತದೆ. ಅವಳು ಒಲೆಯ ಹತ್ತಿರ ಹೋಗಬೇಕಾಗಿಯೂ ಇಲ್ಲ.

ಅವಳು ಇಕ್ಕಳದಿಂದ ಕೆಂಡ ತೆಗೆದು ಓಡಿಗೆ ಹಾಕಿದಳು. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತಳು.

ಅಂದು ಮಧ್ಯಾಹ್ನ ಆ ಬೀದಿಯವರು ರೊಟ್ಟಿ ತಿಂದರು. ಊರಿನವರು ತಿಂದದ್ದೂ ಅದೇ ಬೆಂಕಿಯ ರೊಟ್ಟಿಯನ್ನು.

ಅಲ್ಲಿಂದ ಮುಂದೆ ಯಜಮಾನನ ಒಲೆ ದಿನವೂ ಆರತೊಡಗಿತು. ದಿನವೂ ಅವನು ಓಡು ಹಿಡಿದು ಬೀದಿಯಲ್ಲಿ ನಡೆದ. ತಣ್ಣಗಾದ ಒಲೆಯನ್ನು ಕಾಯಿಸಲು ಎರಡರಷ್ಟು ಸೌದೆ ಬೇಕು, ಕೋಳಿ ಕೂಗುವ ಮುಂಚೆ ಏಳಬೇಕು. ಅದನ್ನೆಲ್ಲ ತಡೆದುಕೊಂಡ. ತಡೆಯಲು ಕಷ್ಟವಾದದ್ದು ಜನರ ನಗೆ. ಬೆಂಕಿ ಕಾಪಾಡಲು ಬಾರದವನಿಗೆ ರೊಟ್ಟಿಯ ಒಲೆ ಯಾಕೆ ಎಂದರು. ಎದುರಿಗೇ ಮೂದಲಿಸಿದರು. ಹೀಗೇ ಆದರೆ ಒಲೆಯನ್ನು ಬೇರೆಯವನಿಗೆ ವಹಿಸುತ್ತೇವೆ ಎಂದು ಹಿರಿಯರು ಗದರಿಸಿದರು. ಅವನು ತಲೆ ತಗ್ಗಿಸಿ, "ನನ್ನ ಕೈಗುಣವೇ ಹಾಗೆ" ಎಂದ. ಕೆಲಸದಲ್ಲಿ ಅಷ್ಟು ಹೆಸರು ಮಾಡಿದವನು ಅಷ್ಟು ಸುಲಭವಾಗಿ ಹೆಸರು ಕೆಡಿಸಿಕೊಂಡ.

ಒಂದು ಶನಿವಾರ ಪಾದ್ರಿಗಳು ಒಲೆಯ ಮನೆಗೆ ಬಂದರು. ಬೆಂಕಿಗೆ ಅಂಗೈ ಒಡ್ಡಿದರು.

"ಇವತ್ತು ಆರಿಲ್ಲ" ಎಂದರು.

ಯಜಮಾನನ ಮುಖ ಬಿಳುಚಿತು. ಶನಿವಾರ ಯೆಹೂದ್ಯರ ಸಬ್ಬತ್. ಆ ದಿನ ಅವರು ಬೆಂಕಿ ಮುಟ್ಟುವುದಿಲ್ಲ, ವಿಧವೆ ಕೆಂಡ ಕೊಡುವಂತಿಲ್ಲ. ಅದಕ್ಕೇ ಶುಕ್ರವಾರ ರಾತ್ರಿ ಅವನು ಒಲೆ ಆರಿಸುತ್ತಿರಲಿಲ್ಲ. ಅದು ಯಾರ ಕಣ್ಣಿಗೂ ಬಿದ್ದಿಲ್ಲ ಎಂದುಕೊಂಡಿದ್ದ.

"ಸ್ವಾಮಿ..." ಎಂದ.

"ದಿನವೂ ಆರುವ ಒಲೆ ಶನಿವಾರವೂ ಆರಬೇಕಪ್ಪ" ಎಂದರು ಪಾದ್ರಿಗಳು. "ಇಲ್ಲದಿದ್ದರೆ ನನಗೆ ಹೊಳೆದದ್ದು ಇನ್ನೊಬ್ಬರಿಗೂ ಹೊಳೆಯುತ್ತದೆ. ಆ ದಿನ ನನ್ನ ಮನೆಗೆ ಬಾ. ನನ್ನಲ್ಲೂ ಕೆಂಡ ಇರುತ್ತದೆ."

ಅಂದಿನಿಂದ ಯಜಮಾನ ಶನಿವಾರ ಮಾತ್ರ ಪಾದ್ರಿಗಳ ಮನೆಯ ಕಡೆ ನಡೆದ. ಹಿರಿಯರು ಒಲೆಯ ಮಾತೆತ್ತಿದಾಗಲೆಲ್ಲ ಪಾದ್ರಿಗಳೇ ಅಡ್ಡ ಬಂದರು. ಬೆಂಕಿ ಆರಲಿ, ರೊಟ್ಟಿ ಚೆನ್ನಾಗಿದೆಯಲ್ಲ ಎಂದರು.

ಕೆಲವು ವರ್ಷಗಳ ಮೇಲೆ ಒಡೆಯನ ಆಜ್ಞೆ ಬಂತು. ಯೆಹೂದ್ಯರೆಲ್ಲ ಊರು ಬಿಡಬೇಕು. ಅದನ್ನು ತಡೆಯುವುದು ಪಾದ್ರಿಗಳ ಕೈಯಲ್ಲೂ ಇರಲಿಲ್ಲ, ರೊಟ್ಟಿಯವನ ಕೈಯಲ್ಲೂ ಇರಲಿಲ್ಲ. ಕೊನೆಯ ಬೆಳಗ್ಗೆ ಯಜಮಾನ ಎಂದಿನಂತೆ ಓಡು ಹಿಡಿದು ಬಂದ. ವಿಧವೆ ಓಡನ್ನು ಪಕ್ಕಕ್ಕಿಟ್ಟು, ತನ್ನ ಅಡುಗೆಯ ಮಡಕೆಯನ್ನೇ ತೆಗೆದಳು. ಒಲೆಯಲ್ಲಿದ್ದ ಕೆಂಡವನ್ನೆಲ್ಲ ಅದಕ್ಕೆ ತುಂಬಿ ಅವನ ಕೈಗಿತ್ತಳು.

"ಎಲ್ಲ ತೆಗೆದುಕೊಂಡು ಹೋಗು ಮಗನೇ. ನಾಳೆ ಕೊಡಲು ನಾನಿರುವುದಿಲ್ಲ."

ಆ ಬೆಂಕಿಯಲ್ಲಿ ಸುಟ್ಟ ಬಿಸಿ ರೊಟ್ಟಿಗಳನ್ನು ಅವನು ಊರ ಬಾಗಿಲಿಗೆ ತಂದು, ಅವರ ಗಾಡಿಯೊಳಗೆ ಇಟ್ಟ. ಗಾಡಿ ಹೊರಟಿತು.

ಅಂದಿನಿಂದ ಅವನ ಒಲೆ ಒಂದು ದಿನವೂ ಆರಲಿಲ್ಲ. ಅವನು ಸಾಯುವವರೆಗೂ ಆರಲಿಲ್ಲ. ಅಂತೂ ಇವನು ಕೆಲಸ ಕಲಿತ ಎಂದು ಊರಿನವರು ಹೊಗಳಿದರು. ಅವನು ಆ ಹೊಗಳಿಕೆಯನ್ನೂ ತಲೆ ತಗ್ಗಿಸಿಯೇ ಕೇಳಿದ.

ರಬ್ಬಿ ಕತೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡ.

"ಎಂಥ ಗೆಳೆಯ ಅವನು!" ಎಂದ. "ಅವಳು ನಿಯಮ ಬಿಡಲಿಲ್ಲ, ಬಿಡಿ ಎಂದು ಅವನು ಕೇಳಲೂ ಇಲ್ಲ. ನನ್ನ ಗೆಳೆಯ ಹಾಗಿಲ್ಲವಲ್ಲ, ಗುರುಗಳೇ. ನಾನು ಇಷ್ಟೆಲ್ಲ ಕೊಟ್ಟರೂ ಅವನಿಗೆ ಸಾಲಲಿಲ್ಲ."

ರಬ್ಬಿ ಅವನ ಭುಜದ ಮೇಲೆ ಕೈಯಿಟ್ಟು ಹೇಳಿದರು:

"ಅವನ ಮನೆಗೆ ಉಣ್ಣಲು ನೀನು ಹೋಗಲಾರೆ, ಸರಿ, ಏನಾದರೂ ಕೇಳಿಕೊಂಡು ಒಂದು ದಿನವಾದರೂ ಹೋಗಿದ್ದೀಯಾ, ಮಗು?"