ತಿಕ್ಕಿದ ಕಾಸು

"ಕೇಳಿರಪ್ಪೋ ಕೇಳಿ! ನಾಣ್ಯದ ವಿಷಯದಲ್ಲಿ ಅರಸರ ಬಳಿ ಮೂರು ಒಗಟುಗಳಿವೆ. ಮೂರನ್ನೂ ಬಿಡಿಸಿದವರು ಕೇಳಿದ್ದನ್ನು ಪಡೆಯಬಹುದು. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಕುಂದಗೆರೆಯಲ್ಲಿ ಡಂಗುರ ಹೀಗೆ ಸಾರಿತು. ಅರಸ ಚಿಕ್ಕಬೊಮ್ಮರಸ ಕೆಟ್ಟವನಲ್ಲ. ಬೇರೆ ಅರಸರು ಕೋಟೆಗಳನ್ನು ಕೂಡಿಸುತ್ತಿದ್ದ ಕಾಲದಲ್ಲಿ ಈತ ಹಳೆಯ ನಾಣ್ಯಗಳನ್ನು ಕೂಡಿಸುತ್ತಿದ್ದ. ಈ ಹವ್ಯಾಸದಿಂದ ಪ್ರಜೆಗಳ ಜೀವಕ್ಕೆ ಯಾವ ಅಪಾಯವೂ ಇರಲಿಲ್ಲ, ಡಂಗುರ ಸಾರುವವರೆಗೆ.

ಊರಿನಲ್ಲಿ ಎರಡು ಒರೆಮನೆಗಳಿದ್ದವು. ಹಳೆಯ ನಾಣ್ಯ ಕೊಟ್ಟರೆ ಅಲ್ಲಿ ಅಸಲೋ ನಕಲಿಯೋ ನೋಡಿ, ಎಷ್ಟು ಸವೆದಿದೆ ಎಂದು ಅಳೆದು, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಒಳಗಿನದು ಕಾಣುವಂಥ ಕಾಗೆಬಂಗಾರದ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಮುದ್ರೆ ಒತ್ತುತ್ತಿದ್ದರು. ಆಮೇಲೆ ನೋಡಬಹುದು, ಮುಟ್ಟುವಂತಿಲ್ಲ. ಮೂಡಲ ಒರೆಮನೆ ಅಂಕ ಕೊಡುವುದರಲ್ಲಿ ಜಿಪುಣ. ಪಡುವಲ ಒರೆಮನೆ ಉದಾರಿ. ಅಲ್ಲಿ ಬಂದವರಿಗೆ ಪಾನಕವನ್ನೂ ಕೊಡುತ್ತಿದ್ದರು.

ಮೊದಲು ಮುಂದೆ ಬಂದವನು ಮಾತುಗಾರ ಕಾಳಿಂಗ.

"ಬಯಲಲ್ಲಿದ್ದಾಗ ಒಂದು ವರಹಕ್ಕೂ ಕೊಳ್ಳುವವರಿಲ್ಲ," ಎಂದ ಅರಸ. "ಪುಟ್ಟ ಮನೆ ಸೇರಿ ಬಾಗಿಲು ಹಾಕಿಕೊಂಡರೆ ಹತ್ತು ವರಹಕ್ಕೆ ಜಗಳ. ಒಳಗೆ ಹೋದ ನಾಣ್ಯಕ್ಕೆ ಏನೂ ಸೇರಲಿಲ್ಲ, ಏನೋ ಒಂದು ಬಿಟ್ಟುಹೋಯಿತು. ಬಿಟ್ಟುಹೋದದ್ದು ಏನು?"

"ಧೂಳು, ಮಹಾಸ್ವಾಮಿ!"

ಕಾಳಿಂಗನನ್ನು ಸೆರೆಮನೆಗೆ ಒಯ್ದರು.

ಎರಡನೆಯವನು ಪರವೂರಿನ ವರ್ತಕ. ಅರಸ ಅವನಿಗೆ ಬೇರೆ ಒಗಟು ಹಾಕಿದ. "ಒಂದೇ ಅಚ್ಚಿನ ಅವಳಿ ನಾಣ್ಯಗಳು, ಸವೆತವೂ ಒಂದೇ. ಮೂಡಲದವರು ಒಂದಕ್ಕೆ ಏಳು ಕೊಟ್ಟರು, ಪಡುವಲದವರು ಇನ್ನೊಂದಕ್ಕೆ ಎಂಟು ಕೊಟ್ಟರು. ಪೇಟೆಯಲ್ಲಿ ಏಳಕ್ಕೇ ಹೆಚ್ಚು ಬೆಲೆ. ಏಕೆ?"

"ಇಲ್ಲಿನ ಜನಕ್ಕೆ ಎಣಿಕೆ ಬಾರದು, ಮಹಾಸ್ವಾಮಿ."

ಅವನೂ ಸೆರೆಮನೆ ಸೇರಿದ. ಒಬ್ಬೊಬ್ಬರಿಗೂ ಬೇರೆಬೇರೆ ಕತ್ತಿ ಮಸೆಯುವುದು ದುಂದೆಂದು, ಲಕ್ಷ್ಮೀಪೂಜೆಯ ಮರುದಿನ ಎಲ್ಲರ ತಲೆಯನ್ನೂ ಒಟ್ಟಿಗೆ ತೆಗೆಯುವುದೆಂದು ಮಂತ್ರಿಗಳು ಗೊತ್ತುಮಾಡಿದರು. ಮಿತವ್ಯಯಕ್ಕೆ ಕುಂದಗೆರೆ ಹೆಸರಾಗಿತ್ತು.

ಪೂಜೆಯ ಹಿಂದಿನ ದಿನ ಸೆರೆಮನೆಯ ಕಿಟಕಿಗೆ ಕಾಳಿಂಗನ ತಮ್ಮ ತಿಪ್ಪೇಶಿ ಬಂದ. ತಲೆಯ ಮೇಲೆ ಬುಟ್ಟಿ, ಹುಣಸೆಹಣ್ಣು ಮಾರುವವನು.

"ಲೋ, ನೀನು ಒಗಟಿನ ತಂಟೆಗೆ ಹೋಗಬೇಡ. ಅವ್ವನಿಗೆ ಒಬ್ಬನಾದರೂ ಉಳಿಯಲಿ," ಎಂದ ಕಾಳಿಂಗ.

"ನಿನ್ನ ಕರಕೊಂಡೇ ಬಾ ಅಂದವಳೆ ಅವ್ವ."

"ನಾಣ್ಯದ ವಿಚಾರ ನಿನಗೇನೋ ಗೊತ್ತು?"

"ಅಜ್ಜಿಯ ಕಾಸು ಕೆಡಿಸಿದವನು ನಾನೇ ಅಲ್ವಾ, ಅಣ್ಣಾ," ಎಂದು ತಿಪ್ಪೇಶಿ ಬುಟ್ಟಿಯನ್ನು ಸರಿಮಾಡಿಕೊಂಡು ಅರಮನೆಯ ಕಡೆ ನಡೆದ.

ಮೊದಲ ಒಗಟಿಗೆ ಅವನು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. "ಬುದ್ಧಿ, ಬಿಟ್ಟುಹೋದದ್ದು ಅನುಮಾನ. ಬರಿಗೈಯಲ್ಲಿ ತಂದ ಕಾಸು ನಕಲಿಯಾದರೆ ಏನು ಗತಿ ಅಂತ ಕೊಳ್ಳುವವನು ಬೆಲೆ ಇಳಿಸುತ್ತಾನೆ. ಡಬ್ಬಿಗೆ ಬಂದ ಮೇಲೆ ಆ ಭಯ ಒರೆಮನೆಯವರದ್ದು."

"ಎರಡನೆಯದು?"

"ಎಲ್ಲರಿಗೂ ಹೂಂ ಅನ್ನುವವರ ಹೂಂಗೆ ಬೆಲೆ ಇಲ್ಲ, ಬುದ್ಧಿ. ಮೂಡಲದವರು ಹತ್ತು ಜನರಿಗೆ ಉಹೂಂ ಅಂದು ಒಬ್ಬರಿಗೆ ಏಳು ಕೊಡುತ್ತಾರೆ. ಪೇಟೆಯವರು ಅಂಕಕ್ಕಿಂತ ಮೊದಲು ಮುದ್ರೆ ಯಾರದ್ದು ಅಂತ ನೋಡುತ್ತಾರೆ."

ಅರಸ ತಲೆದೂಗಿದ. ಆಮೇಲೆ ಮಡಿಲಿನಿಂದ ಒಂದು ಡಬ್ಬಿ ತೆಗೆದ. ದನಿ ತಗ್ಗಿತು.

"ಮೂರನೆಯದರ ಉತ್ತರ ನನಗೂ ಗೊತ್ತಿಲ್ಲ. ಇದು ನನ್ನ ತಾತ ಅಚ್ಚು ಹಾಕಿಸಿದ ಮೊದಲ ತಾಮ್ರದ ಕಾಸು. ನನ್ನಲ್ಲಿರುವುದರಲ್ಲೆಲ್ಲ ಹೆಚ್ಚು ಹೊಳೆಯುವುದು. ಪಡುವಲದವರು ಹತ್ತಕ್ಕೆ ಹತ್ತು ಕೊಟ್ಟರು. ಆ ಡಬ್ಬಿ ಒಡೆಸಿ ಮೂಡಲಕ್ಕೆ ಕಳಿಸಿದೆ. ಅವರು ಅಂಕವನ್ನೇ ಕೊಡದೆ ಡಬ್ಬಿಯ ಮೇಲೆ 'ತಿಕ್ಕಿದೆ' ಎಂದಷ್ಟೇ ಬರೆದಿದ್ದಾರೆ. ಹೊಳೆಯುವ ಕಾಸಿನಿಂದ ಏನು ಕಳುವಾಗಿದೆ? ಕದ್ದವನು ಯಾರು?"

ತಿಪ್ಪೇಶಿ ಕಾಸನ್ನು ನೋಡಿದ. ಅಣ್ಣನ ನೆನಪಾಯಿತು.

"ಪೂಜೆಯ ದಿನ ಇದನ್ನು ತೊಳೆಯುವವರು ಯಾರು, ಬುದ್ಧಿ?"

"ಬೇರೆಯವರಿಗೆ ಕೊಡುತ್ತೇನೆಯೆ? ಪ್ರತಿ ಲಕ್ಷ್ಮೀಪೂಜೆಗೆ ನಾನೇ ಹುಣಸೆಹಣ್ಣು ಹಚ್ಚಿ..."

ಅರಸ ನಿಲ್ಲಿಸಿದ. ಮಂತ್ರಿಗಳು ಸಭಾಮಂಟಪದ ಮೇಲ್ಛಾವಣಿಯ ಕೆತ್ತನೆ ಎಷ್ಟು ಸೊಗಸಾಗಿದೆ ಎಂಬುದನ್ನು ಆಗಷ್ಟೇ ಗಮನಿಸಿದರು.

"ನಾನೂ ಹಾಗೇ ಮಾಡಿದೆ, ಬುದ್ಧಿ," ಎಂದ ತಿಪ್ಪೇಶಿ. "ನೆಂಟರ ಮುಂದೆ ಮಗುವಿಗೆ ಮುಖ ತೊಳೆಸಿ ನಿಲ್ಲಿಸಿದ ಹಾಗೆ, ಅಜ್ಜಿಯ ಕಾಸನ್ನು ಚೆನ್ನಾಗಿ ತಿಕ್ಕಿ ಮೂಡಲ ಒರೆಮನೆಗೆ ಒಯ್ದೆ. ಅಲ್ಲಿನ ಪುಟ್ಟತಾಯಮ್ಮ, 'ಇದು ಅಷ್ಟು ವರ್ಷ ಕೂತು ಹಾಕಿಕೊಂಡ ಬಣ್ಣವನ್ನ ಒಂದು ಬೆಳಿಗ್ಗೆಗೆ ಕಳೆದೆಯಲ್ಲೋ ಮಗಾ' ಅಂದರು. ಕಳುವಾದದ್ದು ಅದರ ವಯಸ್ಸು. ಕದ್ದದ್ದು ಭಕ್ತಿ. ಕೈ ಮಾತ್ರ... ತಮ್ಮದು."

ಬಾಗಿಲಲ್ಲಿ ಅಪ್ಪಣೆಗೆ ಕಾದಿದ್ದ ಕತ್ತಿಯವನು ಅರಸನ ಮುಖ ನೋಡಿದ. ಅರಸ, "ಆ ತಾಯಿಯನ್ನು ಕರೆತನ್ನಿ," ಎಂದ.

ಮೂಡಲ ಒರೆಮನೆಯ ಯಜಮಾನಿ ಪುಟ್ಟತಾಯಮ್ಮ ಬಂದಳು. ಮುದುಕಿ, ಕೈಯಲ್ಲಿ ಇನ್ನೂ ಯಾರದೋ ನಾಣ್ಯ.

"ಇದು ಅರಮನೆಯ ಕಾಸು ಎಂದು ಗೊತ್ತಿತ್ತೆ?"

"ಗೊತ್ತಿತ್ತು, ಬುದ್ಧಿ."

"ಆದರೂ ಹೀಗೆ ಬರೆದೆಯಾ?"

"ಕಾಸು ಯಾರದ್ದು ಅಂತ ಬರೆಯೋಕೆ ಡಬ್ಬಿ ಮೇಲೆ ಜಾಗ ಇಲ್ಲ, ಬುದ್ಧಿ."

ಅರಸ ಡಬ್ಬಿಯನ್ನು ಬೆಳಕಿಗೆ ಹಿಡಿದ. ಕಾಸಿನ ಮೇಲೆ ತಾತನ ಮುಖವಿತ್ತು, ಮೀಸೆ ಇರಲಿಲ್ಲ. ತಾತನ ಮೀಸೆಯನ್ನು ಮೊಮ್ಮಗನೇ ವರ್ಷವರ್ಷವೂ ಭಕ್ತಿಯಿಂದ ಬೋಳಿಸಿದ್ದ. ಅರಸ ಎದ್ದು ನಿಂತು ಮುದುಕಿಗೆ ಕೈ ಮುಗಿದ. ಕುಂದಗೆರೆಯ ಅರಸರು ಪ್ರಜೆಗೆ ಕೈ ಮುಗಿದದ್ದು ಅದೇ ಮೊದಲು.

"ಏನು ಬೇಕು ಕೇಳಯ್ಯಾ," ಎಂದ ತಿಪ್ಪೇಶಿಗೆ. ರಾಜಕುಮಾರಿಗೆ ಆಗಲೇ ಮದುವೆಯಾಗಿದ್ದರಿಂದ ಮಂತ್ರಿಗಳಿಗೆ ಅಂಥ ಆತಂಕವೇನೂ ಇರಲಿಲ್ಲ.

"ಸೆರೆಮನೆಯಲ್ಲಿರುವವರನ್ನೆಲ್ಲ ಬಿಟ್ಟುಬಿಡಿ, ಬುದ್ಧಿ. ಅದರಲ್ಲಿ ಒಬ್ಬ ನಮ್ಮಣ್ಣ."

ಎಲ್ಲರೂ ಹೊರಬಂದರು. ಕಾಳಿಂಗ ಮನೆಯ ದಾರಿಯುದ್ದಕ್ಕೂ, ಧೂಳು ಎಂದದ್ದೂ ಒಂದು ರೀತಿಯಲ್ಲಿ ಸರಿಯೇ ಎಂದು ವಾದಿಸಿದ. ಪೇಟೆಯಲ್ಲಿ ಸುದ್ದಿ ಹಬ್ಬುತ್ತಲೇ ಮೂಡಲದ ಏಳು ಬೆಲೆಯಲ್ಲಿ ಪಡುವಲದ ಒಂಬತ್ತನ್ನೂ ದಾಟಿತು. ಪಡುವಲದವರು ಪಾನಕಕ್ಕೆ ಏಲಕ್ಕಿ ಹೆಚ್ಚು ಮಾಡಿದರು, ಪ್ರಯೋಜನವಾಗಲಿಲ್ಲ.

ಕೇಳದಿದ್ದರೂ ಅರಸ ತಿಪ್ಪೇಶಿಗೆ ಒಂದು ಸನ್ನದು ಬರೆಸಿಕೊಟ್ಟ. ಅದರ ಪ್ರಕಾರ ಇನ್ನು ಮುಂದೆ ಅರಮನೆಗೆ ಹುಣಸೆಹಣ್ಣು ಬರುವುದು ಅವನ ಬುಟ್ಟಿಯಿಂದಲೇ. ಕೆಳಗೆ ಅರಸ ಸ್ವಂತ ಕೈಯಿಂದ ಒಂದು ಸಾಲು ಸೇರಿಸಿದ್ದ: ಸಾರು ಮಾಡಲು ಮಾತ್ರ.