ನೀರು ತಪ್ಪಿಸಿ ಸಾಕಿದ ಸಸಿ

ಶ್ರೀನಿವಾಸಪುರದ ಕಡೆಯ ಒಂದು ಊರಿನಲ್ಲಿ ಚೌಡರೆಡ್ಡಿ ದೊಡ್ಡ ನರ್ಸರಿ ಇಟ್ಟಿದ್ದ. ಪಕ್ಕದಲ್ಲೇ ಗಂಗುಲಮ್ಮ ಪುಟ್ಟ ಚಪ್ಪರದಡಿ ಸಸಿ ಬೆಳೆಸಿ ಮಾರುತ್ತಿದ್ದಳು. ಆ ವರ್ಷ ಮಳೆ ಕೈಕೊಟ್ಟಿತು. ಚೌಡರೆಡ್ಡಿಯ ಟೊಮೇಟೊ ಸಸಿಗಳು ಹೊಲಕ್ಕೆ ಹೋದೊಡನೆ ಬಾಡಿದವು. ಗಂಗುಲಮ್ಮನವು ಸುಡುಬಿಸಿಲಲ್ಲೂ ತಲೆಯೆತ್ತಿ ನಿಂತವು. ಗಿರಾಕಿಗಳೆಲ್ಲ ಅತ್ತ ತಿರುಗಿದರು. ಹಗಲೆಲ್ಲ ಅವಳ ಚಪ್ಪರವನ್ನೇ ನೋಡುತ್ತಿದ್ದ ಚೌಡರೆಡ್ಡಿಗೆ ಉಂಡ ಅನ್ನ ಮೈಗೆ ಹತ್ತದಂತಾಯಿತು.

ಕೊನೆಗೆ ಅವನು ಊರಿನ ಹಿರಿಯರನ್ನು ಕರೆತಂದು ಅವಳ ಚಪ್ಪರದ ಮುಂದೆ ನಿಂತ. "ಈ ಸಸಿಗಳು ನನ್ನವು. ಇವಳು ಕದ್ದು ತಂದಿದ್ದಾಳೆ. ಎಲ್ಲವನ್ನೂ ನನಗೆ ಕೊಡಿಸಿ!"

ಗಂಗುಲಮ್ಮ ಸಿಟ್ಟಾಗಲಿಲ್ಲ. "ಇರಬಹುದು ರೆಡ್ಡಣ್ಣ. ನೀವು ಹೇಗೆ ಸಾಕಿದಿರಿ, ಹಿರಿಯರಿಗೆ ಹೇಳಿ."

ಚೌಡರೆಡ್ಡಿ ಎದೆಯುಬ್ಬಿಸಿದ. "ಹೊತ್ತುಹೊತ್ತಿಗೆ ನೀರು ಕೊಟ್ಟು, ನೆರಳಲ್ಲಿಟ್ಟು, ಮಕ್ಕಳ ಹಾಗೆ ಸಾಕಿದೆ! ಒಂದು ದಿನವೂ ಬಾಯಾರಲು ಬಿಟ್ಟಿಲ್ಲ."

"ಹಾಗಾದರೆ ಇವನ್ನೂ, ನಿಮ್ಮ ನರ್ಸರಿಯ ಸಸಿಗಳನ್ನೂ ನಾಳೆ ಸಂಜೆವರೆಗೆ ನೀರು ಹಾಕದೆ ಬಿಸಿಲಲ್ಲಿಡೋಣ. ಒಂದೇ ಕೈಯಲ್ಲಿ ಬೆಳೆದವು ಒಂದೇ ಥರ ಇರಬೇಕಲ್ಲ?"

ಹಿರಿಯರು ಒಪ್ಪಿದರು.

ಮರುದಿನ ಸಂಜೆ ಚೌಡರೆಡ್ಡಿಯ ಸಸಿಗಳು ಕತ್ತು ಜೋತು ಬಿದ್ದಿದ್ದವು. ಅವಳವು ನೆಟ್ಟಗಿದ್ದವು. ಹಿರಿಯರು ಗೊಳ್ಳೆಂದು ನಕ್ಕರು. ಆ ನಗುವಿಗಿಂತ ಆ ನೆಟ್ಟಗಿನ ಸಸಿಗಳನ್ನು ಕಂಡೇ ಅವನ ಹೊಟ್ಟೆ ಹೆಚ್ಚು ಉರಿಯಿತು.

"ಅದೇ ಬೀಜ, ಅದೇ ಮಣ್ಣು. ಏನು ಮದ್ದು ಹಾಕಿದೆ, ಹೇಳು!"

"ಮದ್ದೇನೂ ಇಲ್ಲ. ಎಳೆಯದರಲ್ಲೇ ಆಗಾಗ ನೀರು ತಪ್ಪಿಸಿ, ಬಾಯಾರಿಕೆ ತಡೆಯೋದು ಕಲಿಸಿದೆ," ಎಂದಳು ಗಂಗುಲಮ್ಮ. "ಹಗಲೆಲ್ಲ ನನ್ನ ಚಪ್ಪರದ ಮೇಲೇ ಕಣ್ಣಿಟ್ಟಿದ್ರಲ್ಲ ರೆಡ್ಡಣ್ಣ, ನಾನು ನೀರು ಹಾಕದ್ದು ಕಾಣಲೇ ಇಲ್ವಾ?"