ಸ್ಟ್ಯಾಂಡಿನ ಮೇಲೆ ಓಡಿದ ಗಾಡಿ

“ಅಜ್ಜಾರೆ, ಹಳೆಯ ಮೋಟಾರ್ ಸೈಕಲ್ಲನ್ನು ದಿನವೂ ಓಡಿಸಬೇಕೋ, ಓಡಿಸದೆ ಜೋಪಾನ ಮಾಡಬೇಕೋ?”

ಕೇಳಿದವನು ಗುರುಶಾಂತಪ್ಪ. ಮಠಕ್ಕೆ ಬಂದವರು ಮೋಕ್ಷದ ಮಾತು ಕೇಳುತ್ತಾರೆ, ಮಗಳ ಮದುವೆಯ ಮಾತು ಕೇಳುತ್ತಾರೆ. ಮೋಟಾರ್ ಸೈಕಲ್ಲಿನ ಮಾತು ಕೇಳಿದವರು ಅಲ್ಲಿಯತನಕ ಯಾರೂ ಇರಲಿಲ್ಲ. ಪಕ್ಕದಲ್ಲಿ ಕೂತವರು ನಕ್ಕರು. ಅವನಿಗೆ ನಗು ಬರಲಿಲ್ಲ. ಓಡಿಸಿದರೆ ಸವೆದೀತು, ನಿಲ್ಲಿಸಿದರೆ ತುಕ್ಕು ಹಿಡಿದೀತು ಎಂದು ಮೂರು ತಿಂಗಳಿಂದ ಒದ್ದಾಡುತ್ತಿದ್ದ. ಉಣ್ಣಲು ಕೂತವನು ಅರ್ಧಕ್ಕೆ ಎದ್ದು ಹೋಗಿ ಗಾಡಿಯ ಮೇಲಿನ ಬಟ್ಟೆ ಸರಿಸಿ ನೋಡಿ ಬರುತ್ತಿದ್ದ. ಈಗಲೂ ಒಂದು ಕಡೆ ನೆಟ್ಟಗೆ ಕೂರಲಾರದೆ, ಜೇಬಿನಲ್ಲಿದ್ದ ಕೀಲಿಕೈಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಮಠದ ಸ್ವಾಮಿಗಳಾದ ಅಜ್ಜನವರು ನಗಲೂ ಇಲ್ಲ, ಗದರಲೂ ಇಲ್ಲ. ಒಬ್ಬ ಬೀಜದ ವ್ಯಾಪಾರಿಯ ಕತೆ ಹೇಳುತ್ತೇನೆ, ಮುಗಿಯುವ ತನಕ ಆ ಕೈಯನ್ನು ಜೇಬಿನಿಂದ ಹೊರಗಿಡು ಎಂದು ಶುರು ಮಾಡಿದರು.

ಒಬ್ಬ ಬೀಜದ ವ್ಯಾಪಾರಿ ಇದ್ದ. ವಯಸ್ಸಿನಲ್ಲಿದ್ದಾಗ ಒಂದು ಮೋಟಾರ್ ಸೈಕಲ್ ಕೊಂಡ. ಜೋಳದ ಬೀಜ, ಹತ್ತಿಯ ಬೀಜ ಹೇರಿಕೊಂಡು ಹಳ್ಳಿ ಹಳ್ಳಿ ತಿರುಗಿದ. ಎರೆಮಣ್ಣಿನಲ್ಲಿ ಗಾಡಿ ಹೂತುಕೊಂಡರೆ ನಾಲ್ಕು ಜನ ಸೇರಿ ಎತ್ತುತ್ತಿದ್ದರು. ಬಿದ್ದರೆ ಹ್ಯಾಂಡಲ್ ನೆಟ್ಟಗೆ ಮಾಡಿಕೊಂಡು ಮುಂದಕ್ಕೆ ಹೋಗುತ್ತಿದ್ದ. ಹೆಂಡತಿಯನ್ನು ತವರಿಗೆ ಕರೆದುಕೊಂಡು ಹೋಗುವುದೂ ಅದರ ಮೇಲೆಯೇ. ತವರು ಹದಿನೆಂಟು ಮೈಲಿ. ಇವರದು ಹತ್ತೊಂಬತ್ತು ಜನರ ಕೂಡುಮನೆ. ಅಲ್ಲಿ ಗಂಡ ಹೆಂಡತಿ ಬಾಯಿಬಿಟ್ಟು ಮಾತಾಡುವಂತಿರಲಿಲ್ಲ. ಆ ಹದಿನೆಂಟು ಮೈಲಿ ಮಾತ್ರ ಇಬ್ಬರದೇ. ಊರ ಅಗಸೆಬಾಗಿಲು ದಾಟಿದ್ದೇ ತಡ, ಅವಳು ಅವನ ಕಿವಿಯ ಹತ್ತಿರ ಬಾಯಿಟ್ಟು ಮಾತು ಶುರು ಮಾಡಿದರೆ ತವರಿನ ಕಟ್ಟೆಯ ತನಕ ನಿಲ್ಲಿಸುತ್ತಿರಲಿಲ್ಲ.

ವ್ಯಾಪಾರ ಕೈಹತ್ತಿತು. ಮನೆಗೆ ವ್ಯಾನು ಬಂತು, ಮೋಟಾರ್ ಸೈಕಲ್ ಮೂಲೆ ಸೇರಿತು. ಹೀಗಿರಲು ಹಳೆಯ ಗಾಡಿಗಳ ಹುಚ್ಚಿನವನೊಬ್ಬ ಬಂದ. ಮೂರು ಸುತ್ತು ಹಾಕಿ ನೋಡಿದ. ಇಂಥದ್ದು ಸುತ್ತ ಹತ್ತು ತಾಲೂಕಿನಲ್ಲಿ ಇನ್ನೊಂದಿಲ್ಲ, ರಸ್ತೆಗೆ ಇಳಿಸಿ ಹಾಳು ಮಾಡಿಕೊಳ್ಳಬೇಡಿ ಎಂದ. ಹೋಗುವವನು ಸುಮ್ಮನೆ ಹೋಗಲಿಲ್ಲ, ವ್ಯಾಪಾರಿಯ ತಲೆಯಲ್ಲಿ ಹುಳ ಬಿಟ್ಟು ಹೋದ.

ಅಂದಿನಿಂದ ವ್ಯಾಪಾರಿಗೆ ನೆಮ್ಮದಿ ಇಲ್ಲ. ಗಾಡಿಗೆ ಪಡಸಾಲೆಯಲ್ಲಿ ಜಾಗ ಮಾಡಿಸಿದ. ಹೆಂಡತಿ ತವರಿನಿಂದ ತಂದಿದ್ದ ಕೌದಿಯನ್ನು ಅದರ ಮೇಲೆ ಹೊದಿಸಿದ. ಯಾರ ಬೆರಳು ತಾಗಿದರೂ ಓಡಿ ಬಂದು ಒರೆಸುತ್ತಿದ್ದ. ನಿಲ್ಲಿಸಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ ಎಂದು ಇನ್ನೊಬ್ಬ ಹೆದರಿಸಿದ. ಅದಕ್ಕೊಂದು ಉಪಾಯ ಹೂಡಿದ. ಪ್ರತಿ ಭಾನುವಾರ ಬೆಳಿಗ್ಗೆ ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೇರಿಸಿ, ಕಿಕ್ ಹೊಡೆದು, ಐದು ನಿಮಿಷ ಓಡಿಸಿ ಆರಿಸುವುದು. ಹಿಂದಿನ ಚಕ್ರ ಗಾಳಿಯಲ್ಲೇ ತಿರುಗುತ್ತಿತ್ತು. ಎಂಜಿನ್ನೂ ಓಡಿತು, ಟೈರಿಗೆ ಮಣ್ಣೂ ತಾಗಲಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಅವನಿಗೆ ಹಿಗ್ಗು.

ಮೊದಲ ಭಾನುವಾರ ಆ ಸದ್ದು ಕೇಳಿ ಹೆಂಡತಿ ಒಳಗೆ ಓಡಿದಳು. ಸೀರೆ ಬದಲಿಸಿ, ಹೂ ಮುಡಿದು, ಬಾಗಿಲಿಗೆ ಬಂದು ನಿಂತಳು. ಅಷ್ಟರಲ್ಲಿ ಅವನು ಎಂಜಿನ್ ಆರಿಸಿ ಕೌದಿ ಹೊದಿಸುತ್ತಿದ್ದ. ಅವಳಿಗೆ ಅಳು ಬಂತು, ತೋರಿಸಿಕೊಳ್ಳಲಿಲ್ಲ. ಮುಂದಿನ ವಾರ ತಾನೇ ಹತ್ತಿರ ಬಂದು ಕೇಳಿದಳು.

“ಒಮ್ಮೆ ಇದರ ಮ್ಯಾಲೆ ತವರಿಗೆ ಕರಕೊಂಡು ಹೋಗ್ರಿ. ನಿಮ್ಮ ಸಂಗಡ ಮಾತಾಡೋದೈತಿ.”

ಬಿಸಿಲು ಇಳಿಯಲಿ ಎಂದ. ಬಿಸಿಲು ಇಳಿದ ಮೇಲೆ ಕೆಸರು ಆರಲಿ ಎಂದ. ಕೆಸರು ಆರಿದ ಮೇಲೆ ರಸ್ತೆಗೆ ಡಾಂಬರು ಬೀಳಲಿ ಎಂದ. ತವರಿಗೆ ವ್ಯಾನಿನಲ್ಲಿ ಕಳಿಸಿದ. ವ್ಯಾನಿನಲ್ಲಿ ಡ್ರೈವರು, ನಾದಿನಿ, ಅವಳ ಮಕ್ಕಳು. ಹದಿನೆಂಟು ಮೈಲಿಯೂ ಅವಳು ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದಳು. ಅವನಿಗೂ ಮನಸ್ಸಿರಲಿಲ್ಲ ಎನ್ನಬೇಡ. ಎಷ್ಟೋ ಭಾನುವಾರ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಲು ಕೈ ಹಾಕಿದ್ದ. ಎಲ್ಲೋ ಒಂದು ಕಲ್ಲು ಸಿಡಿದು ಟ್ಯಾಂಕಿಗೆ ಬಡಿದಂತೆ ಆಗುತ್ತಿತ್ತು, ಕೈ ಹಿಂದಕ್ಕೆ ಬರುತ್ತಿತ್ತು. ಆ ದಿನವೆಲ್ಲ ಮನೆಯಲ್ಲಿ ಎಲ್ಲರ ಮೇಲೂ ಸಿಡುಕುತ್ತಿದ್ದ.

ಹೀಗೆ ಹನ್ನೊಂದು ವರ್ಷ. ಅವಳು ಕೇಳುವುದನ್ನು ಯಾವಾಗ ಬಿಟ್ಟಳೋ ಅವನಿಗೆ ಗೊತ್ತೇ ಆಗಲಿಲ್ಲ. ಒಂದು ಭಾನುವಾರ ಅವಳು ಗೋಡೆ ಹಿಡಿದು ಮೆಟ್ಟಿಲು ಹತ್ತುವುದನ್ನು ಕಂಡ. ಮುರಿದರೆ ಮುರಿಯಲಿ, ಇವತ್ತು ಕರೆದುಕೊಂಡು ಹೋಗಿಯೇ ತೀರುತ್ತೇನೆ ಎಂದು ಗಾಡಿಯನ್ನು ಬೀದಿಗೆ ಇಳಿಸಿ, ನೋಡೋಣವೆಂದು ಒಂದು ಸುತ್ತು ಹೊರಟ. ಅಗಸೆಯ ತನಕವೂ ಹೋಗಲಿಲ್ಲ. ಸೈಲೆನ್ಸರ್ ಕಳಚಿ ನೆಲಕ್ಕೆ ಬಿತ್ತು. ಮೇಲೆ ಕನ್ನಡಿಯಂಥ ಹೊಳಪು, ಒಳಗೆಲ್ಲ ತುಕ್ಕಿನ ಪುಡಿ.

ಮೆಕ್ಯಾನಿಕ್ ಬಂದು ನೋಡಿ, ಹೇಗೆ ಇಟ್ಟಿದ್ದಿರಿ ಎಂದು ಕೇಳಿದ. ವ್ಯಾಪಾರಿ ತನ್ನ ಭಾನುವಾರದ ನೇಮವನ್ನು ಹೆಮ್ಮೆಯಿಂದಲೇ ಹೇಳಿದ. ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. ಎಂಜಿನ್ ಹೊತ್ತಿಸಿದಾಗ ಹೊಗೆಯ ಜೊತೆ ನೀರಿನ ಪಸೆ ಬರುತ್ತದೆ, ದೂರ ಓಡಿದರೆ ಆ ಕಾವಿಗೆ ಒಣಗುತ್ತದೆ, ಐದೇ ನಿಮಿಷಕ್ಕೆ ಆರಿಸಿದರೆ ಒಳಗೇ ನಿಂತು ಕಬ್ಬಿಣವನ್ನು ತಿನ್ನುತ್ತದೆ ಎಂದು ವಿವರಿಸಿದ. ದಿನವೂ ಓಡಿಸಿದ್ದರೂ ಉಳಿಯುತ್ತಿತ್ತು, ಮುಟ್ಟದೆ ಬಿಟ್ಟಿದ್ದರೂ ಇಷ್ಟು ಕೆಡುತ್ತಿರಲಿಲ್ಲ ಎಂದ.

ಗಾಡಿಯದೇನು, ಎಂಟು ದಿನಕ್ಕೆ ರಿಪೇರಿ ಆಯಿತು. ವ್ಯಾಪಾರಿ ಅದನ್ನು ಬಾಗಿಲಿಗೆ ತಂದು ನಿಲ್ಲಿಸಿ ಹೆಂಡತಿಯನ್ನು ಕರೆದ. ಅವಳು ಬಂದಳು. ಸೀಟು ಹಿಡಿದು ಕಾಲೆತ್ತಿದಳು. ಮೊಣಕಾಲು ಏಳಲಿಲ್ಲ. ಮಣೆ ತರಿಸಿ ಅದರ ಮೇಲೆ ನಿಲ್ಲಿಸಿದ, ಆಗಲೂ ಆಗಲಿಲ್ಲ. ಅವಳು ಆ ಮಣೆಯ ಮೇಲೆಯೇ ಕೂತಳು. ಅವನೂ ಗಾಡಿ ಆರಿಸಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ಏನೋ ಮಾತಾಡುವುದಿದೆ ಅಂದಿದ್ದೆಯಲ್ಲ, ಇಲ್ಲೇ ಹೇಳು, ಕೇಳುತ್ತೇನೆ ಎಂದು ಬೇಡಿಕೊಂಡ. ಅವಳು ನೆನಪು ಮಾಡಿಕೊಳ್ಳಲು ನೋಡಿದಳು.

“ಭಾಳ ಇತ್ರಿ. ಈಗ ಒಂದೂ ನೆನಪಿಲ್ಲ.”

ಅಜ್ಜನವರು ಕತೆ ನಿಲ್ಲಿಸಿದರು. ಗುರುಶಾಂತಪ್ಪನ ಜೀವ ಇನ್ನೂ ಸೈಲೆನ್ಸರಿನಲ್ಲೇ ಇತ್ತು. ಹಾಗಾದರೆ ಓಡಿಸುವುದೇ ಸರಿ, ವಾರಕ್ಕೆ ಎಷ್ಟು ಮೈಲಿ ಓಡಿಸಿದರೆ ಸಾಕು ಎಂದು ಆತುರದಿಂದ ಕೇಳಿದ.

ಅಜ್ಜನವರು ಹೇಳಿದರು: “ಗಾಡಿ ಹಾಗಿರಲಿ, ನಿನ್ನ ಮನೆಯಲ್ಲಿ ಕೇಳುವುದನ್ನೇ ಬಿಟ್ಟವರು ಯಾರು?”

ಜೇಬಿನತ್ತ ಹೋಗುತ್ತಿದ್ದ ಗುರುಶಾಂತಪ್ಪನ ಕೈ ಅರ್ಧದಲ್ಲೇ ನಿಂತಿತು.